ಕಂಬಳಿ ಬಿಚ್ಚಿದ ಮಧ್ಯಾಹ್ನ

೧೪ ಫೆಬ್ರವರಿ ೧೯೪೪, ಸೋಮವಾರ

…ಅಲ್ಲ, ನಿನ್ನೆ ಬರೆದದ್ದು ತಪ್ಪು. ಡಾಕ್ಟರು ನೋಡಿದ್ದು ನಾಲ್ಕು ದನ ಅಲ್ಲ, ಐದು. ಐದನೆಯದು ನಮ್ಮ ಕರು. ಹೊಟ್ಟೆ ಉಬ್ಬಿತ್ತು. ಎಡಗಡೆ ಎರಡು ಬೆರಳಿನಿಂದ ತಟ್ಟಿದರು. ಟಪ್, ಟಪ್. ತಬಲಾ ನುಡಿಸಿದ ಹಾಗೆ. "ಕೊಯ್ದ ಹೊಲದಾಗಿನ ಹಸಿ ಚಿಗುರು ತಿಂದೈತಿ" ಅಂದರು. ತಿಂದಿತ್ತು! ಅವರು ನೋಡಿಯೇ ಇಲ್ಲ, ಹೇಗೆ ಗೊತ್ತಾಯಿತು? ಇದನ್ನು ಬಿಟ್ಟು ನಿನ್ನೆ ಏನೇನೋ ಬರೆದಿದ್ದೇನೆ. ಅವರ ಟೋಪಿಯ ಬಣ್ಣ ಬರೆದಿದ್ದೇನೆ. ಹುಚ್ಚಿ.

ಗುರಲಿಂಗಪ್ಪ ಡಾಕ್ಟರು. ವಿಜಾಪುರದ ದನದ ದವಾಖಾನೆಯವರು. ಬಿಜ್ಜರಗಿಗೆ, ಅದೂ ನಮ್ಮ ಹಟ್ಟಿಗೆ, ಡಾಕ್ಟರೊಬ್ಬರು ಬಂದದ್ದು ಇದೇ ಮೊದಲು. ಯಾರು ಬರುತ್ತಾರೆ? ನಾವು ಒಂದು ಕಡೆ ನಿಲ್ಲುವವರಲ್ಲ. ಈ ವಾರ ಒಬ್ಬ ರೈತನ ಹೊಲದಲ್ಲಿ ದನ ತರುಬಿ ರಾತ್ರಿ ಕಳೆಯುತ್ತೇವೆ, ಬರುವ ವಾರ ಇನ್ನೊಬ್ಬನ ಹೊಲದಲ್ಲಿ. ಗೊಬ್ಬರ ಅವರಿಗೆ, ಜೋಳ ನಮಗೆ. ದವಾಖಾನೆ ಬೆಳಿಗ್ಗೆ ಎಂಟರಿಂದ ಹನ್ನೆರಡರವರೆಗೆ. ಆ ಹೊತ್ತಿಗೆ ನಮ್ಮ ದನ ಅಡವಿಯಲ್ಲಿ. ಬೇನೆಬಿದ್ದ ಆಕಳನ್ನು ವಿಜಾಪುರದ ತನಕ ನಡೆಸಿದರೆ ತೊರವಿ ದಾಟುವುದರೊಳಗೆ ಅದರ ಕಥೆ ಮುಗಿದಿರುತ್ತದೆ. ಇವರೇ ಹುಡುಕಿಕೊಂಡು ಬಂದರು. ಟಿಕೋಟಾದವರೆಗೆ ಬಸ್ಸು, ಅಲ್ಲಿಂದ ಸೈಕಲ್.

ಹೊಸ ಮಾತು ಕಲಿತೆ: ಟೆಂಪರೇಚರ್. ದನಕ್ಕೂ ಇರುತ್ತದೆ. ಎಲ್ಲಿಂದ ನೋಡುತ್ತಾರೆ ಅಂತ ಬರೆಯುವುದಿಲ್ಲ.

ಆಯಿ ಪಕ್ಕದಲ್ಲೇ ಕೂತು ಗೊಣಗುತ್ತಿದ್ದಾಳೆ. ನನ್ನ ಅವ್ವನ ತಾಯಿ, ಮುರಿಗೆವ್ವ. ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು.

"ಏನ ಬರೀತಿ ಬೇ ಅಷ್ಟ? ನಿನ್ನ ಓರಗಿಯವರು ಎರಡೆರಡ ಹಡದಾರ. ನೀ ಆ ಪೆನ್ಸಿಲ್ಲಿಗೆ ತೊಟ್ಟಿಲಾ ಕಟ್ಟು."

ಟಿಕೋಟಾದ ಅತ್ತೆಯ ಮನೆಯಲ್ಲಿದ್ದು ಐದನೇ ಇಯತ್ತೆ ಕಲಿತವಳು ನಾನು. ಹಟ್ಟಿಯಲ್ಲಿ ಅಕ್ಷರ ಬಲ್ಲವಳು ನಾನೊಬ್ಬಳೇ. ಆಯಿಗೆ ಅದು ಹೆಮ್ಮೆಯೂ ಹೌದು, ತಲೆನೋವೂ ಹೌದು.

ಮುಖ್ಯದ್ದು ಉಳಿಯಿತು. ಪಡುವಣ ಹಳ್ಳಿಗಳಲ್ಲಿ ದೊಡ್ಡಬೇನೆ ಎದ್ದಿದೆಯಂತೆ. ಕಣ್ಣಲ್ಲಿ ನೀರು, ಬಾಯಲ್ಲಿ ಹುಣ್ಣು, ಆಮೇಲೆ ಭೇದಿ, ಆಮೇಲೆ ಏನೂ ಇಲ್ಲ. ಹತ್ತರಲ್ಲಿ ಎಂಟು ದನ ಹೋಗುತ್ತವೆ. ಈ ಕಡೆ ಬರಲು ಮೂರು ವಾರ ಹಿಡಿದೀತು ಅಂದರು. ಅಷ್ಟರೊಳಗೆ ಲಸಿಕೆ ತಂದು ಹಾಕುತ್ತಾರಂತೆ.

"ಆದ್ರ ಎಲ್ಲಾರೂ ಒಪ್ಪಬೇಕು. ನನ್ನ ಮಾತು ಇವರು ಕೇಳೂದಿಲ್ಲ ತಂಗಿ. ನೀ ಹೇಳಿ ನೋಡು."

ನನಗೆ ಹೇಳಿದರು! ನನಗೆ.

೧೭ ಫೆಬ್ರವರಿ, ಗುರುವಾರ

ಮೂರು ದಿನದಿಂದ ಗಂಟಲು ಹರಿದುಹೋಗಿದೆ. ಹಟ್ಟಿಯ ಒಂಬತ್ತೂ ಮನೆ ಸುತ್ತಿದೆ. ಕೆಲವರು ನಕ್ಕರು. ಕೆಲವರು ನನ್ನ ಮದುವೆಯ ಮಾತು ತೆಗೆದರು. ಒಬ್ಬ ದೊಡ್ಡಪ್ಪ ಪೂರ್ತಿ ಕೇಳಿ, "ಸೂಜಿ ನನಗೂ ಹಾಕ್ತಾನೇನು, ಮಣಕಾಲ ಭಾಳ ನೂಸತೈತಿ" ಅಂದ. ಕೊನೆಗೆ ಎಲ್ಲರೂ ಹೂಂ ಅಂದರು. ನನ್ನ ಕಾಟ ತಪ್ಪಲಿ ಅಂತ ಅಂದಿರಬೇಕು. ಏನಾದರಾಗಲಿ, ಅಂದರಲ್ಲ.

ಊರೊಳಗಿನ ಪೀರಾಂಬಿಯ ಮನೆಗೂ ಹೋದೆ. ಗಂಡ ಇಲ್ಲ, ಮಕ್ಕಳಿಲ್ಲ, ಒಂದೇ ಎಮ್ಮೆ. ಅದರ ಹಾಲು ಮಾರಿಯೇ ಬದುಕು. ಎಮ್ಮೆ ನಮ್ಮ ದನದ ಜೊತೆ ಮೇಯಲು ಹೋಗುತ್ತದೆ. ಹಾಗಾಗಿ ಅದಕ್ಕೂ ಹಾಕಿಸಬೇಕು.

"ಸೂಜಿ ಚುಚ್ಚಿದ್ರ ಹಾಲ ಬತ್ತತೈತಂತ, ಖರೇನ?"

"ಯಾರ ಹೇಳಿದ್ರು ನಿನಗ?"

"ನನ್ನ ಎಮ್ಮಿನ ಹೇಳತು. ಅದೂ ನಿನ್ನಂಗ ಭಾಳ ಶಾಣ್ಯಾ ಐತಿ."

ಇಬ್ಬರೂ ನಕ್ಕೆವು. ಆಮೇಲೆ ಅವಳು ನಗು ನಿಲ್ಲಿಸಿದಳು.

"ನೋಡವ್ವಾ ಶಂಕ್ರೆವ್ವಾ. ಡಾಕ್ಟರ ಯಾರೋ ನನಗ ಗೊತ್ತಿಲ್ಲ. ನಿನ್ನ ಸಣ್ಣಾಕಿ ಇದ್ದಾಗಿಂದ ನೋಡೀನಿ. ಇದಕ್ಕೇನರ ಆದ್ರ ನೀ ಜವಾಬ್ದಾರಿ. ಹೂಂ ಅಂತೀಯೇನ?"

ಹೂಂ ಅಂದೆ. ಇದರಲ್ಲಿ ಯೋಚಿಸುವುದೇನಿದೆ? ಲಸಿಕೆ ಒಮ್ಮೆ ಹಾಕಿದರೆ ಜೀವಮಾನವೆಲ್ಲ ಸಾಕು. ಡಾಕ್ಟರೇ ಹೇಳಿದ್ದಾರೆ.

೨೨ ಫೆಬ್ರವರಿ, ಮಂಗಳವಾರ, ಬೆಳಿಗ್ಗೆ ಹತ್ತು

ಬಂದರು! ಡಾಕ್ಟರೂ ಬಂದರು, ಕಂಪೌಂಡರ್ ಮಶಾಕಸಾಬನೂ ಬಂದ. ನಡುವೆ ಒಂದು ಪೆಟ್ಟಿಗೆ. ಹೆಣ ತಂದಂತೆ ಇಬ್ಬರೂ ಹೊತ್ತು ತಂದರು. ಬಸ್ಸಿಗೆ ಪೆಟ್ರೋಲ್ ಇಲ್ಲವಲ್ಲ, ಯುದ್ಧ. ಇದ್ದಿಲು ಉರಿಸಿ ಓಡಿಸುತ್ತಾರೆ. ತೊರವಿ ಏರಿನಲ್ಲಿ ನಿಂತುಬಿಟ್ಟಿತಂತೆ.

"ನಾವ ಬಸ್ಸಿನ್ಯಾಗ ಬಂದೇವಂತ ತಿಳದೀಯೇನು? ಬಸ್ಸ ನಮ್ಮ ಕೈಯಾಗ ಬಂತು ನೋಡ. ಅರ್ಧಾ ದಾರಿ ನಾವ ದಬ್ಬಿದ್ವಿ" ಅಂದ ಮಶಾಕ ಕಾಕಾ. ಮುಖವೆಲ್ಲ ಮಸಿ.

ಪೆಟ್ಟಿಗೆಯ ಸುತ್ತ ಗೋಣಿತಾಟು, ಅದರ ಮೇಲೆ ಎರಡು ಕಂಬಳಿ. ಒಳಗೆ ಕಟ್ಟಿಗೆಯ ಹೊಟ್ಟು. ಹೊಟ್ಟಿನ ನಡುವೆ ಐಸ್. ಸೊಲ್ಲಾಪುರದಿಂದ ರೈಲಿನಲ್ಲಿ ಬಂದದ್ದು. ಐಸಿನ ನಡುವೆ ಔಷಧದ ಸೀಸೆಗಳು.

"ಇದರಾಗ ಜೀವ ಐತಿ ತಂಗಿ. ಬಿಸಿ ತಾಗಿತಂದ್ರ ಸಾಯತೈತಿ. ಸತ್ತದ್ದನ್ನ ಚುಚ್ಚಿದ್ರ ನೀರ ಚುಚ್ಚಿದಂಗ."

ಔಷಧದಲ್ಲಿ ಜೀವ! ಇದನ್ನು ಯಾರಾದರೂ ಕೇಳಿದ್ದೀರಾ?

ದನ ಆಗಲೇ ಮೇಯಲು ಹೋಗಿವೆ. ಮರಳುವುದು ಹೊತ್ತು ಮುಳುಗುವಾಗ. ಅಲ್ಲಿಯ ತನಕ ಕಾಯಬೇಕು. ಅಷ್ಟರಲ್ಲಿ ಟಿಕೋಟಾದಿಂದ ಒಬ್ಬ ಓಡಿಬಂದ. ಅವನ ಆಕಳಿಗೆ ಕರು ಅಡ್ಡ ಸಿಕ್ಕಿದೆ. ಇಬ್ಬರೂ ಹೊರಟೇಬಿಟ್ಟರು. ಪೆಟ್ಟಿಗೆಯನ್ನು ಬೇವಿನ ಗಿಡದ ನೆರಳಲ್ಲಿ ಇಟ್ಟು ನನಗೆ ಒಪ್ಪಿಸಿದರು.

"ಬಿಚ್ಚಬ್ಯಾಡ. ಯಾರಿಗೂ ಮುಟ್ಟಗೊಡಬ್ಯಾಡ. ನಾವು ಬರೂತನಕ ಇದು ನಿಂದು."

ಇದು ನಂದು. ಪೆಟ್ಟಿಗೆಗೆ ಬೆನ್ನು ಕೊಟ್ಟು ಕೂತು ಬರೆಯುತ್ತಿದ್ದೇನೆ.

ಅದೇ ದಿನ, ಮಧ್ಯಾಹ್ನ ಎರಡು

ಒಳ್ಳೆಯ ಹೊತ್ತಿಗೆ ನೋಡಿದೆ!

ನೆರಳು ಸರಿದು ಬಿಸಿಲು ಬಂದಿತ್ತು. ಕಂಬಳಿ ಮುಟ್ಟಿದೆ. ಕೈ ಸುಡುವಷ್ಟು. ಆಯಿಯನ್ನು ಕರೆದೆ.

"ಕಂಬಳಿ ಹೊಚ್ಚಿದ್ರ ಬೆಚ್ಚಗ ಆಗದ ತಣ್ಣಗ ಆಗತೈತೇನ ಹುಚ್ಚವ್ವಾ? ಚಳಿಗಾಲದಾಗ ಕರುಕ್ಕ ಯಾಕ ಹೊಚ್ಚತೀವಿ? ಆ ಡಾಕ್ಟರ ಪ್ಯಾಟ್ಯಾಗ ಬೆಳದಾನ, ಅವಗೇನ ಗೊತ್ತು ಕಂಬಳಿ. ತಗಿ ತಗಿ, ಬೇಯಾಕತ್ತೈತಿ ಒಳಗ."

ಹೌದಲ್ಲ! ನಮಗಿಂತ ಕಂಬಳಿ ಬಲ್ಲವರು ಯಾರು? ಡಾಕ್ಟರು ಅವಸರದಲ್ಲಿ ಮರೆತಿರಬೇಕು. ಅವರು ಇದ್ದಿದ್ದರೆ ತಾವೇ ತೆಗೆಯುತ್ತಿದ್ದರು. ಬಿಚ್ಚಿದೆ. ಎರಡೂ ಕಂಬಳಿ, ಗೋಣಿತಾಟು. ಮುಚ್ಚಳ ತೆಗೆದೆ.

ಐಸ್ ನೋಡಿದೆ. ಗಾಜಿನ ಕಲ್ಲು. ಒಳಗೆ ಗುಳ್ಳೆಗಳು. ಮುಟ್ಟಿದರೆ ಸುಡುತ್ತದೆ, ತಣ್ಣಗೆ ಸುಡುತ್ತದೆ. ಅದರ ತುಂಬ ಕಟ್ಟಿಗೆಯ ಹೊಟ್ಟು ಮೆತ್ತಿತ್ತು. ಔಷಧದ ಪೆಟ್ಟಿಗೆಯಲ್ಲಿ ಕಸ! ಮೊರದಲ್ಲಿ ಅಷ್ಟನ್ನೂ ಬಾಚಿ ತೆಗೆದೆ. ಐಸನ್ನು ನೀರಲ್ಲಿ ತೊಳೆದೆ. ಆಯಿಯ ಅಂಗೈಗೆ ಒಂದು ಚೂರು ಇಟ್ಟೆ. "ಅಯ್ಯಯ್ಯ, ದೆವ್ವದ ಬೆಲ್ಲ" ಅಂತ ಕಿರುಚಿದಳು. ಹಟ್ಟಿಯ ಹೆಂಗಸರೆಲ್ಲ ಬಂದು ಮುಟ್ಟಿ ನೋಡಿದರು.

ಈಗ ಪೆಟ್ಟಿಗೆಗೆ ಗಾಳಿ ಆಡುತ್ತಿದೆ. ಮೇಲೆ ಒದ್ದೆ ಅರಿವೆ ಹಾಕಿದ್ದೇನೆ. ಡಾಕ್ಟರು ಬಂದು ನೋಡಿದರೆ ಏನನ್ನಬಹುದು? ನನ್ನನ್ನೇ ಕಂಪೌಂಡರ್ ಮಾಡಿಕೊಳ್ಳುತ್ತಾರೆ.

ಅದೇ ದಿನ, ದೀಪ ಹಚ್ಚುವ ಹೊತ್ತು

ನಾಲ್ಕಕ್ಕೆ ನೋಡಿದೆ. ಐಸ್ ಇಲ್ಲ. ಒಂದು ತುಂಡೂ ಇಲ್ಲ. ಬರೀ ನೀರು. ನೀರೂ ಬೆಚ್ಚಗೆ. ಸೀಸೆಗಳು ತೇಲುತ್ತಿದ್ದವು.

ಏನು ಮಾಡಲಿ? ಸೀಸೆಗಳನ್ನು ಬಾಚಿಕೊಂಡು ಕುಡಿಯುವ ನೀರಿನ ಗಡಿಗೆಯೊಳಗೆ ಮುಳುಗಿಸಿದೆ. ಹಸಿ ಉಸುಕಿನ ಮೇಲಿಡುವ ಗಡಿಗೆ. ನಮ್ಮಲ್ಲಿ ಅದಕ್ಕಿಂತ ತಂಪಾದದ್ದು ಇಲ್ಲ. ಅವರು ಬರುವ ಸದ್ದು ಕೇಳಿದಾಗ ತೆಗೆದು ಪೆಟ್ಟಿಗೆಯಲ್ಲಿಟ್ಟೆ. ಹೊಟ್ಟು ತುಂಬಿದೆ. ಕಂಬಳಿ ಸುತ್ತಿದೆ. ಮೊದಲು ಇದ್ದ ಹಾಗೆಯೇ.

ಡಾಕ್ಟರ ಅಂಗಿ ರಕ್ತ ಮಣ್ಣು. ಟಿಕೋಟಾದ ಆಕಳು ಉಳಿಯಿತಂತೆ. ದನಗಳೂ ಬಂದವು. ಧೂಳು, ಗದ್ದಲ, ಬೆಳಕು ಹೋಗುತ್ತಿದೆ. ಮಶಾಕ ಕಾಕಾ ಮುಚ್ಚಳ ತೆಗೆದ.

"ಸಾಹೇಬ್ರ, ಐಸ್ ಇಲ್ರಿ. ನೀರ ಆಗೈತಿ."

ಡಾಕ್ಟರು ಬಂದು ಒಂದು ಸೀಸೆ ಎತ್ತಿ ಹಿಡಿದರು. ನನ್ನ ಮುಖ ನೋಡಿದರು.

"ಯಾವಾಗ ಕರಗಿತು ತಂಗಿ?"

"ಈಗ… ಈಗ್ರಿ. ಈಗ ಸ್ವಲ್ಪ ಹೊತ್ತಾತು."

ಸೀಸೆಯನ್ನು ಕೆನ್ನೆಗೆ ಹಚ್ಚಿ ನೋಡಿದರು. ಗಡಿಗೆಯ ತಂಪು ಇನ್ನೂ ಇತ್ತು. ಕಾದು ನಿಂತ ದನಗಳ ಕಡೆ ನೋಡಿದರು. ಆಮೇಲೆ "ಹೂಂ, ಲಗು ಮುಗಸೂಣು" ಅಂದರು.

ನೂರಾ ಹನ್ನೆರಡು ದನ. ಪೀರಾಂಬಿಯ ಎಮ್ಮೆ ಕೊನೆಯದು. ಅವಳೇ ಕೊಂಬು ಹಿಡಿದಿದ್ದಳು.

೨೩ ಫೆಬ್ರವರಿ, ಬುಧವಾರ

ಏನೂ ಆಗಿರಲಿಕ್ಕಿಲ್ಲ. ತಣ್ಣಗೇ ಇದ್ದವು. ಡಾಕ್ಟರೇ ಕೆನ್ನೆಗೆ ಹಚ್ಚಿ ನೋಡಿದ್ದಾರೆ. ನನಗಿಂತ ಅವರಿಗೆ ಗೊತ್ತಿಲ್ಲವೇ?

೧೦ ಮಾರ್ಚ್, ಶುಕ್ರವಾರ

ನಮ್ಮ ಕೆಂದ ಆಕಳಿನ ಕಣ್ಣಲ್ಲಿ ನೀರು.

ಧೂಳು ಬಿದ್ದಿರಬೇಕು.

೧೪ ಮಾರ್ಚ್, ಮಂಗಳವಾರ

ಧೂಳಲ್ಲ. ಕೆಂದ ಆಕಳು ಹೋಯಿತು. ಅದರ ಕರು — ಡಾಕ್ಟರು ತಬಲಾ ನುಡಿಸಿದ್ದರಲ್ಲ, ಅದೇ — ಅದೂ ಹೋಯಿತು. ಇವತ್ತಿಗೆ ಹಟ್ಟಿಯಲ್ಲಿ ಮೂವತ್ತೊಂದು. ಎಲ್ಲಾ ಸೂಜಿ ಹಾಕಿಸಿಕೊಂಡವು. ಗಂಡಸರು ಹೂಳಿ ಹೂಳಿ ಕೈ ಸೋತು ಈಗ ಹಳ್ಳಕ್ಕೆ ಎಳೆದು ಬಿಡುತ್ತಿದ್ದಾರೆ. ಹದ್ದುಗಳು ಇಳಿದಿವೆ. ಯಾರೂ ಮಾತಾಡುವುದಿಲ್ಲ. ಮಾತಾಡಿದರೆ ಒಂದೇ ಮಾತು: "ಸೂಜಿನ ಬ್ಯಾನಿ ತಂತು."

ಬೆಳಿಗ್ಗೆ ಪೀರಾಂಬಿ ಬಂದಳು. ಬೈಯುತ್ತಾಳೆ ಅಂದುಕೊಂಡೆ. ಎಮ್ಮೆ ಕಟ್ಟುವ ಹಗ್ಗ ಕೈಯಲ್ಲಿತ್ತು. ಕಟ್ಟಲು ಏನೂ ಉಳಿದಿಲ್ಲ ಅಂತ ಅದನ್ನೇ ನೋಡಿ ಗೊತ್ತಾಯಿತು.

"ನಿನ್ನಿ ಮುಂಜಾನಿ ಹಾಲ ಕೊಟ್ಟಿತ್ತವ್ವಾ. ಬಾಯಾಗೆಲ್ಲ ಹುಣ್ಣ, ಆದ್ರೂ ನಾ ಕುಂತೇನಂತ ತೊರಸ್ತು. ಅರ್ಧಾ ತಂಬಿಗಿ."

ಅಷ್ಟು ಹೇಳಿ ಹೋದಳು. ಜವಾಬ್ದಾರಿಯ ಮಾತು ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

೧೯ ಮಾರ್ಚ್, ರವಿವಾರ

ಮಶಾಕ ಕಾಕಾ ಬಂದಿದ್ದ, ಸತ್ತ ದನ ಎಷ್ಟು ಅಂತ ಬರೆದುಕೊಳ್ಳಲು. ಡಾಕ್ಟರು ಬರಲಿಲ್ಲ. ನಿನ್ನೆ ಇಬ್ಬರೂ ಲಸಿಕೆ ತೆಗೆದುಕೊಂಡು ಬಬಲೇಶ್ವರಕ್ಕೆ ಹೋಗಿದ್ದರಂತೆ. ಅಲ್ಲಿ ಅಮಸಿದ್ದನ ಹಟ್ಟಿ. ನಮಗಿಂತ ದೊಡ್ಡದು, ನೂರಾ ಎಂಬತ್ತು ದನ. ಬೇನೆ ಇನ್ನೂ ಅಲ್ಲಿಗೆ ಹೋಗಿಲ್ಲ. ನಮ್ಮ ಸುದ್ದಿ ಹೋಗಿದೆ.

"ನಾಯಿ ಬಿಟ್ರವ್ವಾ. ಸಾಹೇಬರ ಪಾಟಲೋನ್ ಮಣಕಾಲತನಕ ಹರೀತು. ನಾ ಪೆಟಗಿ ತಲಿಮ್ಯಾಲ ಹೊತಗೊಂಡ ಓಡೀನಿ. ನನ್ನ ಮದವಿ ಮೆರವಣಿಗ್ಯಾಗೂ ಅಷ್ಟ ಜೋರ ಹೋಗಿರಲಿಲ್ಲ."

ಅವನೇ ನಕ್ಕ. ನನಗೆ ನಗು ಬರಲಿಲ್ಲ. ಅವನೂ ನಿಲ್ಲಿಸಿದ.

"ಅಮಸಿದ್ದ ಅಂದ, ಬಿಜ್ಜರಗ್ಯಾಗ ನೂರಾ ಹನ್ನೆರಡು ಚುಚ್ಚಿದ್ರಿ, ಎಷ್ಟ ಉಳದಾವ ಹೇಳ್ರಿ ಅಂತ. ನಿನ್ನಿಯಿಂದ ಸಾಹೇಬರು ಊಟಾ ಬಿಟ್ಟಾರ. ಪುಸ್ತಕ ತಗದ ಹಾಳಿ ತಿರುವಿ ಹಾಕತಾರ. ಎಲ್ಲೆ ತಪ್ಪೇತಿ, ಎಲ್ಲೆ ತಪ್ಪೇತಿ…"

ಎಲ್ಲಿ ತಪ್ಪಿದೆ ಅಂತ ನನಗೆ ಗೊತ್ತು. ನಾಲಿಗೆಯ ತುದಿಗೆ ಬಂತು. ಆಯಿ ಒಲೆಯ ಹತ್ತಿರದಿಂದ ನನ್ನನ್ನೇ ನೋಡುತ್ತಿದ್ದಳು. ಚಹಾ ಕೊಡಲೇನು ಕಾಕಾ, ಅಂತ ಕೇಳಿದೆ.

೨೧ ಮಾರ್ಚ್

ಹೇಳಲಿಲ್ಲ.

೨೫ ಮಾರ್ಚ್

ಹೇಳಲಿಲ್ಲ. ಉಳಿದ ದನ ಹದಿನೆಂಟು.

೩೦ ಮಾರ್ಚ್, ಗುರುವಾರ

ಆಯಿಯ ಮುಂದೆ ಹೇಳಿದೆ. ಅವಳಿಗೆ ಗೊತ್ತೇ ಇತ್ತು. ಗಡಿಗೆಯಲ್ಲಿ ಸೀಸೆ ಮುಳುಗಿಸುವಾಗ ಪಕ್ಕದಲ್ಲೇ ಇದ್ದಳಲ್ಲ. ಆದರೂ ಬಾಯಿಬಿಟ್ಟು ಹೇಳಿದ್ದು ಇವತ್ತು.

"ವಿಜಾಪುರಕ್ಕ ಹೋಗ್ತೀನಿ ಆಯಿ. ಡಾಕ್ಟರ ಮುಂದ ಹೇಳ್ತೀನಿ."

"ಹೇಳಿದ್ರ ಹೋದ ದನ ಎದ್ದ ಬರತಾವೇನು?"

"ಬಬಲೇಶ್ವರದಾವ ಉಳೀತಾವ."

"ಬಬಲೇಶ್ವರದವರು ನಿನಗೇನಾಗಬೇಕ? ಈ ಒಂಬತ್ತ ಮನಿಯವರ ಕಿವಿಗೆ ಬಿತ್ತಂದ್ರ ನಮ್ಮನ್ನ ಹಟ್ಟಿಯಿಂದ ಹೊರಗ ಹಾಕ್ತಾರ. ಮುದಿಕಿ ನಾ, ಎಲ್ಲೆ ಹೋಗಲಿ? ನಿನ್ನ ಯಾರ ಮಾಡಿಕೊಂತಾರ?"

ಆಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಅಂದಳು:

"ಕಂಬಳಿ ತಗಿ ಅಂದಾಕಿ ನಾನ. ಅದನ್ನೂ ಹೇಳು. ಒಬ್ಬಾಕಿನ ಹೊರಬ್ಯಾಡ."

ಅದನ್ನು ಹೇಳುವುದಿಲ್ಲ. ಡಾಕ್ಟರು ಪೆಟ್ಟಿಗೆ ಒಪ್ಪಿಸಿದ್ದು ನನಗೆ. ಸುಳ್ಳು ಹೇಳಿದ್ದೂ ನಾನು.

೩ ಏಪ್ರಿಲ್, ಸೋಮವಾರ, ವಿಜಾಪುರ

ಬುತ್ತಿ ಕಟ್ಟಿಕೊಂಡು ನಸುಕಿನಲ್ಲೇ ಬಿಟ್ಟೆ. ಟಿಕೋಟಾದಿಂದ ಬಸ್ಸು. ಸಿದ್ಧೇಶ್ವರ ಗುಡಿಯ ಪೇಟೆಯಲ್ಲಿ ದಾರಿ ತಪ್ಪಿತು. ದನದ ದವಾಖಾನೆ ಎಲ್ಲಿ ಅಂತ ಒಬ್ಬ ಬಳೆಗಾರನನ್ನು ಕೇಳಿದೆ. "ನಿನಗೇನವ್ವಾ ಬ್ಯಾನಿ?" ಅಂತ ನಕ್ಕ. ಬೇರೆ ದಿನವಾದರೆ ತಕ್ಕ ಮಾತು ಕೊಡುತ್ತಿದ್ದೆ.

ದವಾಖಾನೆ ಎಷ್ಟೋ ಸಲ ಕನಸಿನಲ್ಲಿ ನೋಡಿದ್ದೆ. ದೊಡ್ಡ ಬಿಳಿ ಮನೆ, ಗಾಜಿನ ಕಪಾಟುಗಳು. ನಿಜವಾಗಿ ಎರಡು ಕೋಣೆ, ಒಂದು ತಗಡಿನ ಚಪ್ಪರ. ಕಪಾಟು ಇತ್ತು. ಒಳಗೆ ಮುಕ್ಕಾಲು ಖಾಲಿ. ಒಂದು ಎತ್ತು, ಎರಡು ಟಾಂಗಾ ಕುದುರೆ. ನಮ್ಮಂತಹ ಹಟ್ಟಿಯವರು ಒಬ್ಬರೂ ಇಲ್ಲ.

ಡಾಕ್ಟರು ಸೊರಗಿದ್ದಾರೆ. ಎಲ್ಲಾ ಹೇಳಿದೆ. ನಿಂತುಕೊಂಡೇ ಹೇಳಿದೆ. ಬಿಸಿಲು, ಕಂಬಳಿ, ಹೊಟ್ಟು, ಗಡಿಗೆ, "ಈಗ್ರಿ" ಅಂದದ್ದು. ಬೈಯಲಿ ಅಂತ ಕಾದೆ. ಹೊಡೆದಿದ್ದರೂ ಹೊಡೆಸಿಕೊಳ್ಳುತ್ತಿದ್ದೆ.

"ಹೊರಗಿನ ಬಿಸಿ ಒಳಗ ಹೋಗಬಾರದಂತನ ಕಂಬಳಿ ಸುತ್ತಿದ್ದು" ಅಂದರು, ಮೆತ್ತಗೆ. "ಯಾಕಂತ ನಿನಗ ಹೇಳಬೇಕಾಗಿತ್ತು. ಬಿಚ್ಚಬ್ಯಾಡ ಅಂತಷ್ಟ ಹೇಳಿ ಹೋದೆ."

ಮೇಜಿನ ಮೇಲಿನ ಪುಸ್ತಕ ಮುಚ್ಚಿದರು.

"ಇನ್ನೊಂದ ಕೇಳು. ಐಸ್ ಕರಗಿದ ಮ್ಯಾಲ ಆ ಔಷಧ ಬಳಸಬಾರದು. ಅದು ನನಗ ಗೊತ್ತಿತ್ತು. ಚೆಲ್ಲಿದ್ರ ಮತ್ತ ಔಷಧಾ ತರಸಾಕ, ಐಸ್ ತರಸಾಕ ಹದಿನೈದ ದಿನ ಬೇಕಿತ್ತು. ನೂರಾ ಹನ್ನೆರಡು ದನ ಮುಂದ ನಿಂತಿದ್ವು. ನೀ 'ಈಗ' ಅಂದಿ. ನಿನ್ನ ಮಾತು ನಂಬೂದು ನನಗ ಅನುಕೂಲ ಇತ್ತು ತಂಗಿ. ಅದಕ್ಕ ನಂಬಿದೆ."

ಇದನ್ನು ಕೇಳಲು ಬಂದಿರಲಿಲ್ಲ ನಾನು. ತಪ್ಪೆಲ್ಲ ನನ್ನದು, ಅವರು ದೇವರು — ಹಾಗೇ ಇದ್ದಿದ್ದರೆ ಅಳುವುದು ಸುಲಭವಾಗುತ್ತಿತ್ತು.

ನಾಡಿದ್ದು ಬಬಲೇಶ್ವರಕ್ಕೆ ಹೋಗುತ್ತಾರಂತೆ. ಅಲ್ಲಿ ಬಂದು ಹೇಳುತ್ತೀಯಾ ಅಂತ ಕೇಳಿದರು. ಒತ್ತಾಯ ಇಲ್ಲ ಅಂದರು. ಇವತ್ತು ಮಶಾಕ ಕಾಕಾನ ಮನೆಯಲ್ಲಿದ್ದೇನೆ. ಅವನ ಹೆಂಡತಿ ಬೀಬಿಜಾನ ತಲೆಗೆ ಎಣ್ಣೆ ಹಚ್ಚಿ ಬಾಚಿದಳು.

೫ ಏಪ್ರಿಲ್, ಬುಧವಾರ, ಬಬಲೇಶ್ವರ

ಹಟ್ಟಿಯ ಹೊರಗೇ ತಡೆದರು. ನಾಯಿಗಳನ್ನು ಹಿಡಿದುಕೊಂಡಿದ್ದರು, ಬಿಟ್ಟಿರಲಿಲ್ಲ. ಅಮಸಿದ್ದ ಮುಂದೆ ಬಂದ. ಎತ್ತರದ ಮುದುಕ, ಹಣೆಯ ತುಂಬ ಭಂಡಾರ. ನನ್ನನ್ನು ನೋಡಿ ಡಾಕ್ಟರಿಗೆ ಅಂದ:

"ಈ ಸಲ ಹೆಂಗಸನ್ನ ಮುಂದ ಮಾಡಿಕೊಂಡ ಬಂದೀರೇನ್ರಿ?"

"ನಾನ ಬಂದೀನ್ರಿ ಯಪ್ಪಾ" ಅಂದೆ. "ಬಿಜ್ಜರಗಿ ಹಟ್ಟಿಯಾಕಿ. ಸೂಜಿಯಿಂದ ಬ್ಯಾನಿ ಬಂದಿಲ್ರಿ. ಸೂಜಿಯೊಳಗಿನ ಔಷಧ ನಾ ಕೊಂದಿದ್ದೆ. ಸತ್ತ ಔಷಧ ಚುಚ್ಚಿದ್ರು. ಅದಕ್ಕ ನಮ್ಮ ದನ ಹೋದ್ವು."

ಎಲ್ಲಾ ಹೇಳಿದೆ. ಮನೆಮನೆಯಿಂದ ಜನ ಬಂದು ನಿಂತರು. ಭಾಗಪ್ಪ ಅನ್ನುವವನೊಬ್ಬ — ಇಡೀ ಹಟ್ಟಿಯಲ್ಲಿ ಹೆಚ್ಚು ದನ ಅವನವೇ — ನಡುವೆ ಬಾಯಿ ಹಾಕಿದ. "ತನ್ನ ಹಟ್ಟಿ ತೊಳದ ಈಗ ನಮ್ಮ ಹಟ್ಟಿ ತೊಳ್ಯಾಕ ಬಂದಾಳ. ಇಂಥಾಕಿನ್ನ ಹಡದವ್ವ ಉಪ್ಪ ಹಾಕಿ ಕೊಲ್ಲಲಿಲ್ಲ." ನನ್ನ ಸತ್ತ ಅವ್ವನ ಮೇಲೆ ಇನ್ನೂ ಒಂದು ಮಾತು ಅಂದ. ಅದನ್ನು ಬರೆಯುವುದಿಲ್ಲ.

ಅಮಸಿದ್ದ ಕೈ ಎತ್ತಿದ. ಅವನು ಸುಮ್ಮನಾದ.

"ಎಷ್ಟ ದಿನಾ ಆತವ್ವಾ ಇದು?"

"ತಿಂಗಳ ಮ್ಯಾಲ ಆತ್ರಿ."

"ಮತ್ತ ನಾವು ಇವರನ್ನ ಹೊಳ್ಳಿ ಕಳಿಸಿದಾಗ ಯಾಕ ಬರಲಿಲ್ಲ?"

"ಅಂಜಿದೆ" ಅಂದೆ.

ಅವನು ತಿರುಗಿ ನಡೆದ. ಬರ್ರಿ ಅನ್ನಲಿಲ್ಲ, ಬ್ಯಾಡ್ರಿ ಅನ್ನಲಿಲ್ಲ. ಹಿಂದೆ ಹೋದೆವು. ಪಡುವಣ ಬೇಲಿಯ ಹತ್ತಿರ ಎರಡು ಹೋರಿ, ಒಂದು ಮಣಕ. ಕತ್ತು ಇಳಿಬಿಟ್ಟು ನಿಂತಿದ್ದವು. ಕಣ್ಣಿನಿಂದ ಮೂಗಿನ ತನಕ ನೀರಿನ ಗೆರೆ. ಬಾಯಿಂದ ಜೊಲ್ಲು.

ನಾಲ್ಕು ದಿನವಾಯಿತಂತೆ.

ಡಾಕ್ಟರು ಮಣಕದ ತುಟಿ ಎತ್ತಿ ನೋಡಿದರು, ಬಿಟ್ಟರು. ಕೈ ತೊಳೆದುಕೊಂಡರು. ಬೇನೆ ಒಳಗೆ ಬಂದಾಗಿದೆ. ಲಸಿಕೆ ಕೆಲಸ ಮಾಡಲು ದಿನ ಬೇಕು, ಆ ದಿನ ಇಲ್ಲ. ಈಗ ಉಳಿಸುವುದು ಬೇನೆ ಗೆದ್ದ ದನದ ರಕ್ತದಿಂದ ತೆಗೆದ ಸೀರಮ್ ಒಂದೇ. ಅದನ್ನು ಇನ್ನೂ ಬೇನೆ ತಾಗದ ದನಕ್ಕೆ ಈಗಿಂದೀಗ ಕೊಡಬೇಕು. ಬ್ಯಾಗಿನಲ್ಲಿ ಇರುವುದು ನಲವತ್ತು ದನಕ್ಕೆ ಆಗುವಷ್ಟು. ಮತ್ತೆ ಯಾವಾಗ ಬರುತ್ತದೆ ಅಂದರೆ ಯುದ್ಧ, ರೈಲು, ಮೇಲಿನವರು… ಗೊತ್ತಿಲ್ಲ.

ಹದಿನೆಂಟು ದಿನದ ಹಿಂದೆ ಇವರು ಲಸಿಕೆ ತಂದಾಗ ಇಲ್ಲಿ ಒಂದು ದನಕ್ಕೂ ಬೇನೆ ಇರಲಿಲ್ಲ. ಹಾಕಿಸಿಕೊಂಡಿದ್ದರೆ ನೂರಾ ಎಂಬತ್ತೂ ಉಳಿಯುತ್ತಿದ್ದ ದಿನಗಳು ಅವು. ಆ ಹದಿನೆಂಟು ದಿನ ನಾನು ಚಹಾ ಕಾಸಿದೆ, ಸಗಣಿ ಬಳಿದೆ, ಬಾಯಿ ಮುಚ್ಚಿಕೊಂಡಿದ್ದೆ.

೬ ಏಪ್ರಿಲ್, ಗುರುವಾರ, ಬೆಳಿಗ್ಗೆ ಆರು

ದನ ಬಿಟ್ಟಿಲ್ಲ. ಎಲ್ಲವನ್ನೂ ಕಟ್ಟಿಹಾಕಿದ್ದಾರೆ. ಡಾಕ್ಟರು ಸಿರಿಂಜ್ ಕುದಿಸುತ್ತಿದ್ದಾರೆ. ಮಶಾಕ ಕಾಕಾ ಬೆಂಕಿ ಊದುತ್ತಿದ್ದಾನೆ. ಅವನೂ ಇವತ್ತು ಒಂದು ಹಾಸ್ಯದ ಮಾತಾಡಿಲ್ಲ.

ನಿನ್ನೆ ಸಂಜೆ ಹನ್ನೊಂದು ಮನೆಯವರೂ ಕೂತರು. ನಲವತ್ತು ಯಾರವು? ಒಂದೇ ಮಾತಿಗೆ ಕೈಗೆ ಕೈ ಹತ್ತಿತು. ಅಣ್ಣ ತಮ್ಮಂದಿರೇ ಬಡಿಗೆ ಎತ್ತಿದರು. ಡಾಕ್ಟರು ಆರಿಸಲಿ ಅಂದರೆ ಅರ್ಧ ಜನ ಒಪ್ಪಲಿಲ್ಲ. ಆಗ ಅಮಸಿದ್ದ ನನ್ನ ಕಡೆ ಬೆರಳು ಮಾಡಿದ.

"ಈಕಿ ಆರಸ್ಲಿ. ನಮ್ಮವರು ಯಾರ ಆರಿಸಿದ್ರೂ ನಾಳೆ ನಾವು ಬಡದಾಡಿ ಸಾಯ್ತೀವಿ. ಈಕಿ ನಮಗ ಯಾರೂ ಅಲ್ಲ. ಮತ್ತ ತನ್ನ ತಪ್ಪ ತಾನ ಎಲ್ಲಾರ ಮುಂದ ನಿಂತ ಹೇಳ್ಯಾಳ. ಹಂಗ ಹೇಳಿದವರು ಇಲ್ಲಿ ಇನ್ನ್ಯಾರ ಅದೀರಿ, ಏಳ್ರಿ ನೋಡೂಣು."

ಯಾರೂ ಏಳಲಿಲ್ಲ. ಬೇಡ ಯಪ್ಪಾ ಅಂದೆ. ಕಾಲು ಹಿಡಿದೆ.

"ಅವತ್ತ ಅಂಜಿದಿ. ಇವತ್ತೂ ಅಂಜ್ತೀಯೇನು?" ಅಂದ.

ಹನ್ನೊಂದು ಮನೆ. ಮನೆಗೆ ಮೂರು ಅಂದರೆ ಮೂವತ್ತಮೂರು, ಉಳಿದ ಏಳು ಹಾಲು ಕೊಡುವವಕ್ಕೆ. ಎಲ್ಲರಿಗೂ ಸರಿ. ಹಾಗೇ ಬರೆದೆ. ಡಾಕ್ಟರಿಗೆ ತೋರಿಸಿದೆ. ಅವರು ಬೆರಳಿಟ್ಟು ಒಂದೊಂದೇ ಮನೆ ಓದಿದರು.

"ನ್ಯಾಯ ಐತಿ. ಆದ್ರ ಪಡುವಣ ಬೇಲಿ ಕಡೆ ಇರೂ ಏಳ ಮನಿ ದನಕ್ಕ ಬ್ಯಾನಿ ಆಗಲೇ ಒಳಗ ಹೊಕ್ಕಿರಬಹುದು. ಮ್ಯಾಲ ಕಾಣಸೂದಿಲ್ಲ ಅಷ್ಟ. ಅವಕ್ಕ ಕೊಟ್ಟದ್ದು ಮಣ್ಣಿಗೆ ಸುರವಿದಂಗ. ಮೂಡಲ ಕಡೆ ಕಟ್ಟಿದ ನಾಲ್ಕ ಮನ್ಯಾವ ಖರೇ ಉಳೀತಾವ. ಪೂರಾ ನಲವತ್ತೂ ಉಳೀತಾವ."

"ಮತ್ತ ಅಲ್ಲೇ ಕೊಡೂಣ್ರಿ?"

"ನಾ ಹೇಳೂದಿಲ್ಲ. ನಾ ಒಮ್ಮೆ ಅನುಕೂಲ ನೋಡಿ ಕೆಟ್ಟೀನಿ."

ಮೂಡಲ ಕಡೆಯ ನಲವತ್ತರಲ್ಲಿ ಇಪ್ಪತ್ತಾರು ಭಾಗಪ್ಪನವು. ನನ್ನ ಅವ್ವನ ಮೇಲೆ ಆ ಮಾತು ಆಡಿದ ಭಾಗಪ್ಪ. ಅವನ ಹೆಂಡತಿ ನಸುಕಿನಲ್ಲೇ ಬಂದು, ನನ್ನ ಮುಂದೆ ತಂಬಿಗೆ ತುಂಬ ಹಾಲು ಇಟ್ಟು ಹೋಗಿದ್ದಾಳೆ. ಇನ್ನೂ ಮುಟ್ಟಿಲ್ಲ.

ಪಡುವಣ ಬೇಲಿಯ ಹತ್ತಿರದ ಮನೆಯಲ್ಲಿ ಒಬ್ಬ ಬಾಣಂತಿ. ಲಕ್ಕವ್ವ ಅಂತೆ ಹೆಸರು. ಎದೆಹಾಲು ಇಲ್ಲ, ಕೂಸು ಆಕಳ ಹಾಲಿನ ಮೇಲಿದೆ. ಆ ಮನೆಯಲ್ಲಿ ಕರೆಯುವ ಆಕಳು ಅದೊಂದೇ. ಈಗ ಅದರ ಕಣ್ಣು ನೋಡಿ ಬಂದೆ. ಒಣಗಿವೆ. ನೀರಿಲ್ಲ. ಒಳಗೆ ಇದೆಯೋ ಇಲ್ಲವೋ ಯಾರಿಗೆ ಗೊತ್ತು? ಲಕ್ಕವ್ವ ನನ್ನನ್ನು ಏನೂ ಕೇಳಲಿಲ್ಲ. ಕೂಸನ್ನು ನಾನು ನೋಡುವ ಹಾಗೆ ಹಿಡಿದುಕೊಂಡಿದ್ದಳು, ಅಷ್ಟೇ.

ಸಿರಿಂಜ್ ಕುದಿಯಿತು. ಅಮಸಿದ್ದ ಕರೆಯುತ್ತಿದ್ದಾನೆ. ಎಲ್ಲರೂ ನನ್ನ ಕಡೆಗೇ ನೋಡುತ್ತಾ ನಿಂತಿದ್ದಾರೆ, ಮೂಡಲ ಕಡೆಯವರು ಒಂದು ಕಡೆ, ಪಡುವಣ ಕಡೆಯವರು ಒಂದು ಕಡೆ.

ವಹಿಯೇ, ನೀನು ಇಷ್ಟು ದಿನ ಸುಮ್ಮನೆ ಕೇಳಿಸಿಕೊಂಡೆ. ನಾನು ಹೇಳಿದ್ದಕ್ಕೆಲ್ಲ ಹೂಂ ಅಂದೆ. ಈಗ ಬಾಯಿ ಬಿಡು. ಧೈರ್ಯ ಇದ್ದರೆ ಹೇಳು, ಮೊದಲ ಸೂಜಿ ಯಾರ ದನಕ್ಕೆ?